ಪ್ಲೇಗಿನ ಬಯಲು, ಬಡಾವಣೆಯ ಉದ್ಯಾನ

ರೈಲು ಹಿಡಿದು ಬಂದ ಬೇನೆ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಗುರುತಿಸಿದ ಗಡ್ಡೆ ಪ್ಲೇಗು ಎರಡೇ ವರ್ಷಗಳಲ್ಲಿ ಕನ್ನಡ ನಾಡಿನ ಬಹುಭಾಗವನ್ನು ಮುಟ್ಟಿತು. ಮಾಂಡ್ವಿ ಬಂದರಿಗೆ ಹೊಂದಿಕೊಂಡ, ಧಾನ್ಯದ ಕೋಠಿಗಳಿಂದ ಕಿಕ್ಕಿರಿದ ಕೇರಿ. ಅಲ್ಲಿಂದ ಬೇನೆ ಪುಣೆಗೆ ಬಂತು. ಮುಂದೆ ಸದರ್ನ್ ಮರಾಠಾ ರೈಲ್ವೆಯ ಹಳಿಗುಂಟ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಇಳಿಯಿತು. ಧಾನ್ಯದ ಚೀಲ, ಹತ್ತಿಯ ಅಂಡಿಗೆ, ಊರು ಬಿಟ್ಟು ಓಡುವವರ ಗಂಟುಮೂಟೆ ಎಲ್ಲವೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದವು. ಇಲಿ ಮತ್ತು ಅದರ ಮೈಮೇಲಿನ ಚಿಗಟ ಅವುಗಳ ಜೊತೆಗೇ ಪಯಣಿಸಿದವು.

ಸರ್ಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಮನೆ ಹೊಕ್ಕು ತಪಾಸಣೆ ಮಾಡುವ, ರೋಗಿಯನ್ನು ಎತ್ತಿಕೊಂಡು ಹೋಗುವ, ಮನೆಯನ್ನೇ ಕೆಡವುವ ಅಧಿಕಾರ ಅಧಿಕಾರಿಗಳಿಗೆ ಸಿಕ್ಕಿತು. ಪುಣೆಯಲ್ಲಿ ಈ ಅಧಿಕಾರವನ್ನು ನಿರ್ದಯವಾಗಿ ಬಳಸಿದ ಪ್ಲೇಗು ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ ಸಹೋದರರು ಅದೇ ವರ್ಷದ ಜೂನ್ 22ರ ರಾತ್ರಿ ಗುಂಡಿಗೆ ಗುರಿಮಾಡಿದರು. ಪ್ಲೇಗಿನಷ್ಟೇ ಪ್ಲೇಗಿನ ಆಡಳಿತಕ್ಕೂ ಜನ ಹೆದರುತ್ತಿದ್ದ ಕಾಲವದು. ಹುಬ್ಬಳ್ಳಿಯಲ್ಲಿ 1898ರಲ್ಲಿ ಬೇರೊಂದು ದಾರಿ ಹಿಡಿದರು. ಹಿಂದಿನ ವರ್ಷ ಮುಂಬಯಿಯಲ್ಲಿ ಹಾಫ್‌ಕಿನ್ ಸಿದ್ಧಪಡಿಸಿದ್ದ ಲಸಿಕೆಯನ್ನು ಅಲ್ಲಿ ಸೇನಾ ವೈದ್ಯ ಲ್ಯೂಮನ್ ಊರಿನ ಬಹುಪಾಲು ಜನರಿಗೆ ಚುಚ್ಚಿದನು. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಒಂದು ಪಟ್ಟಣದಲ್ಲಿ ಪ್ಲೇಗು ಲಸಿಕೆ ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಆ ಕಾಲಕ್ಕೆ ಅಪರೂಪದ ಸಂಗತಿ.

1898ರ ಆಗಸ್ಟಿನಲ್ಲಿ ಬೇನೆ ಅದೇ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಮೊದಲು ಸತ್ತವನು ರೈಲ್ವೆ ಅಧಿಕಾರಿಯೊಬ್ಬರ ಮನೆಯ ಕೆಲಸದಾಳು ಎಂದು ದಾಖಲೆಗಳು ಹೇಳುತ್ತವೆ.

ಹೊಲವಿದ್ದವರ ಮದ್ದು

ಬೆಂಗಳೂರಿನ ಕತೆಗೆ ಮೊದಲು ಉತ್ತರದ ಹಳ್ಳಿಗಳತ್ತ ನೋಡೋಣ. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಸೀಮೆ ಆಗ ಹಲವು ಒಡೆತನಗಳಲ್ಲಿ ಹರಿದು ಹಂಚಿಹೋಗಿತ್ತು. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಗಳು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಗಡಿಗಳು ಬೇರೆಯಾದರೂ ಬೇನೆಗೆ ಜನ ಕಂಡುಕೊಂಡ ಉಪಾಯ ಎಲ್ಲ ಕಡೆಯೂ ಒಂದೇ. ಮನೆಯಲ್ಲಿ ‘ಇಲಿ ಬಿದ್ದವು’ ಎಂದರೆ ಊರು ಬಿಡಬೇಕು. ಜಂತಿಯಿಂದ, ಗೋಡೆಯ ಸಂದಿನಿಂದ ಇಲಿಗಳು ಉರುಳಿ ಬಿದ್ದು ಸಾಯತೊಡಗಿದರೆ ನಾಲ್ಕಾರು ದಿನಗಳಲ್ಲಿ ಮನುಷ್ಯರ ಸರದಿ ಬರುತ್ತದೆಂಬುದನ್ನು ಯಾವ ವೈದ್ಯನೂ ಹೇಳಿಕೊಡಬೇಕಾಗಿರಲಿಲ್ಲ.

ಜಮಖಂಡಿ ತಾಲೂಕಿನ ಹುನ್ನೂರದಂಥ ಊರುಗಳ ಮನೆಯ ರಚನೆ ನೆನೆದರೆ ಈ ಉಪಾಯದ ಅರ್ಥ ತಿಳಿಯುತ್ತದೆ. ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ, ಒಂದೆರಡು ಬೆಳಕಿಂಡಿ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು. ಬಿಸಿಲ ನಾಡಿನಲ್ಲಿ ತಂಪು ಕೊಡುವ ಈ ಮನೆ ಇಲಿಗೂ ಅಷ್ಟೇ ಹಿತವಾದ ಜಾಗ. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ಬೇನೆ ಏರುತ್ತಿತ್ತು, ಬೇಸಿಗೆಯ ಒಣ ಝಳಕ್ಕೆ ಚಿಗಟ ಸಾಯುವುದರಿಂದ ಇಳಿಯುತ್ತಿತ್ತು. ಅಷ್ಟು ತಿಂಗಳು ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದುಬಿಡುತ್ತಿದ್ದರು. ಬೇನೆ ಇಳಿದ ಮೇಲೆ ಮನೆಯನ್ನು ಸಾರಿಸಿ, ಸುಣ್ಣ ಬಳಿದು ಒಳಗೆ ಬರುತ್ತಿದ್ದರು.

ಈ ಮದ್ದು ಎಲ್ಲರಿಗೂ ಒಂದೇ ಬೆಲೆಗೆ ದೊರೆಯುತ್ತಿರಲಿಲ್ಲ. ಹೊಲವಿದ್ದ ರೈತನಿಗೆ ಗುಡಿಸಲಿನ ವಾಸವೆಂದರೆ ಬೆಳೆಯ ಕಾವಲೂ ಆಯಿತು. ರಬಕವಿ, ಬನಹಟ್ಟಿಗಳ ನೇಕಾರನಿಗೆ ಆ ಅನುಕೂಲವಿರಲಿಲ್ಲ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗವನ್ನು ಬಯಲಿಗೆ ಒಯ್ಯುವಂತಿಲ್ಲ. ಮಗ್ಗ ನಿಂತರೆ ಅಂದಿನ ಕೂಲಿಯೂ ನಿಂತಿತು. ಊರಿನ ಅಂಚಿನ ಕೇರಿಗಳಲ್ಲಿದ್ದ ಭೂಮಿಯಿಲ್ಲದ ಕೂಲಿಯವರು ಗುಡಿಸಲು ಹಾಕಲು ಬೇರೆಯವರ ಜಮೀನಿನಲ್ಲಿ ಅಪ್ಪಣೆ ಕೇಳಬೇಕಿತ್ತು. ಪ್ಲೇಗಿನಿಂದ ಪಾರಾಗಲು ಬೇಕಾದದ್ದು ತೆರೆದ ನೆಲ. ಆ ನೆಲ ಯಾರಿಗೆ ಎಷ್ಟು ಹತ್ತಿರ ಎಂಬುದನ್ನು ಆಸ್ತಿ, ಕಸುಬು, ಜಾತಿಗಳು ಮೊದಲೇ ಗೊತ್ತುಮಾಡಿದ್ದವು. ಹಳ್ಳಿಯಲ್ಲಿ ಹೀಗಿದ್ದ ಪ್ರಶ್ನೆ ಬೆಂಗಳೂರಿನಂಥ ನಗರದಲ್ಲಿ ನೂರ್ಮಡಿಯಾಯಿತು.

ಎರಡು ಊರು, ಎರಡು ಬಗೆಯ ಹಸಿರು

1898ರ ಬೆಂಗಳೂರು ಎರಡು ಆಡಳಿತಗಳ ಊರು. ಪಡುವಣಕ್ಕೆ ಮೈಸೂರು ಸಂಸ್ಥಾನದ ಪುರಸಭೆಗೆ ಒಳಪಟ್ಟ ಹಳೆಯ ಪೇಟೆ. ಮೂಡಣಕ್ಕೆ ಬ್ರಿಟಿಷರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಜನರ ಬಾಯಲ್ಲಿ ದಂಡು. ಪೇಟೆಯಲ್ಲಿ ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ನಗರ್ತಪೇಟೆ, ಕಬ್ಬನ್‌ಪೇಟೆಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಧಾನ್ಯದ ಸಗಟು ವ್ಯಾಪಾರವೆಲ್ಲ ತರಗುಪೇಟೆಯಲ್ಲಿ. ಮನೆಯ ಮುಂದೆ ಅಂಗಡಿ, ಹಿಂದೆ ಉಗ್ರಾಣ, ನಡುವೆ ಸಂಸಾರ. ನೇಕಾರರ ಮನೆಗಳಲ್ಲಿ ಅದರ ಮೇಲೆ ಮಗ್ಗ. ದಂಡಿನಲ್ಲಿ ಅಧಿಕಾರಿಗಳ ಬಂಗಲೆಗಳು ಎಕರೆಗಟ್ಟಲೆ ಆವರಣದಲ್ಲಿ ಹರಡಿಕೊಂಡಿದ್ದರೆ ಅಲ್ಲಿ ದುಡಿಯುವವರು ಬ್ಲ್ಯಾಕ್‌ಪಳ್ಳಿಯ ಇಕ್ಕಟ್ಟಿನಲ್ಲಿ ವಾಸಿಸುತ್ತಿದ್ದರು. ಇಂದಿನ ಶಿವಾಜಿನಗರ ಅದೇ.

ಎರಡು ಊರುಗಳ ನಡುವೆ ಕಬ್ಬನ್ ಪಾರ್ಕ್ ಇತ್ತು. ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ಅದನ್ನು ರೂಪಿಸಿದನು. ದಕ್ಷಿಣಕ್ಕೆ ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಗಿ, 1889ರಲ್ಲಿ ಗಾಜಿನ ಮನೆ ಪಡೆದು, ಜಾನ್ ಕ್ಯಾಮರಾನ್‌ನ ಮೇಲ್ವಿಚಾರಣೆಯಲ್ಲಿ ಹೊರನಾಡಿನ ಹಣ್ಣು, ತರಕಾರಿ, ಮರಗಳನ್ನು ಒಗ್ಗಿಸುವ ಪ್ರಯೋಗಶಾಲೆಯಾಗಿತ್ತು. ಇವೆರಡೂ ನೋಡಲು, ಅಡ್ಡಾಡಲು, ಸಸ್ಯಶಾಸ್ತ್ರಕ್ಕೆ ಮೀಸಲಾದ ಹಸಿರು.

ಪೇಟೆಯ ಜನರ ಹಸಿರು ಬೇರೆ ಬಗೆಯದು: ಕೆರೆ ಮತ್ತು ಅದರ ಕೆಳಗಿನ ತೋಟ. ಧರ್ಮಾಂಬುಧಿ, ಸಂಪಂಗಿ ಕೆರೆಗಳ ಸುತ್ತ ತಿಗಳರು ಸೊಪ್ಪು, ತರಕಾರಿ, ಹೂವು ಬೆಳೆಯುತ್ತಿದ್ದರು. ದನಗಳಿಗೆ ನೀರು, ಮೇವು ಅಲ್ಲೇ. ಅಗಸರ ಬಟ್ಟೆ, ಇಟ್ಟಿಗೆಯ ಮಣ್ಣು ಅಲ್ಲಿಯವೇ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬರತೊಡಗಿದ ಮೇಲೆ ನಗರದ ಆಡಳಿತಕ್ಕೆ ಈ ಕೆರೆಗಳ ಅವಶ್ಯಕತೆ ಕಡಿಮೆಯಾಯಿತು. ನಿಂತ ನೀರು ಜ್ವರದ ಮೂಲವೆಂಬ ನಂಬಿಕೆ ಬಲಿತಂತೆ ಕೆರೆ ಆಸ್ತಿಯಾಗಿ ಉಳಿಯದೆ ಆರೋಗ್ಯಕ್ಕೆ ಕಂಟಕವೆಂದು ಕಾಣಿಸತೊಡಗಿತು.

ಬಿಸಿಲು, ಸುಣ್ಣ ಮತ್ತು ಕ್ಯಾಂಪು

ಪ್ಲೇಗು ಬಂದಾಗ ಮೈಸೂರಿನಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ರೀಜೆನ್ಸಿ ನಡೆದಿತ್ತು, ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ರೋಗದ ವಿರುದ್ಧದ ಕೆಲಸಕ್ಕೆಂದೇ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಲಾಯಿತು. ಮುಂದೆ 1906ರಲ್ಲಿ ಅವರೇ ದಿವಾನರಾದರು. ರೈಲು ನಿಲ್ದಾಣಗಳಲ್ಲಿ ತಪಾಸಣೆ, ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ, ಒಡನಾಡಿದವರಿಗೆ ಊರ ಹೊರಗೆ ಕ್ಯಾಂಪು, ಮನೆಗಳ ಶುದ್ಧೀಕರಣ ಎಲ್ಲವೂ ಒಟ್ಟೊಟ್ಟಿಗೆ ಆರಂಭವಾದವು.

ಶುದ್ಧೀಕರಣದ ಕ್ರಮ ಆ ಕಾಲದ ವೈದ್ಯಕೀಯ ನಂಬಿಕೆಯನ್ನು ಹಾಗೇ ತೋರಿಸುತ್ತದೆ. ಪ್ಲೇಗು ಬಿದ್ದ ಮನೆಯವರನ್ನು ಹೊರಗೆ ಕಳಿಸಿ, ಸಾಮಾನುಗಳನ್ನು ಬಿಸಿಲಿಗೆ ಹರಡಿಸಿ, ಹಳೆಯ ಬಟ್ಟೆ, ಚಾಪೆಗಳನ್ನು ಸುಡುತ್ತಿದ್ದರು. ಕೂಲಿಗಳು ಮಾಡು ಹತ್ತಿ ಹೆಂಚು ತೆಗೆದು ಬಿಸಿಲು ನೇರ ನೆಲಕ್ಕೆ ಬೀಳುವಂತೆ ಮಾಡುತ್ತಿದ್ದರು. ಗೋಡೆಗೆ ಸುಣ್ಣ, ನೆಲಕ್ಕೆ ರಸಕರ್ಪೂರದ ದ್ರಾವಣ. ಕತ್ತಲೆ, ತೇವ, ಕೊಳೆತ ಗಾಳಿಗಳಲ್ಲಿ ಬೇನೆ ಹುಟ್ಟುತ್ತದೆ, ಬೆಳಕೂ ಬೀಸುಗಾಳಿಯೂ ಅದನ್ನು ಕೊಲ್ಲುತ್ತವೆ ಎಂಬುದು ಈ ಎಲ್ಲದರ ಹಿಂದಿನ ತತ್ತ್ವ.

ನಿಜವಾದ ಕಾರಣ ಆಗಲೇ ಬೆಳಕಿಗೆ ಬರುತ್ತಿತ್ತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದಿದ್ದನು. ಬೆಂಗಳೂರಿಗೆ ಪ್ಲೇಗು ಬಂದ 1898ರಲ್ಲೇ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಪ್ರಯೋಗ ನಡೆಸಿ, ಸತ್ತ ಇಲಿಯನ್ನು ಬಿಟ್ಟುಬರುವ ಚಿಗಟವೇ ರೋಗವನ್ನು ಹರಡುತ್ತದೆಂದು ತೋರಿಸಿದನು. ಅವನ ಮಾತನ್ನು ಹಲವರು ನಂಬಲಿಲ್ಲ. 1905ರಲ್ಲಿ ಕೆಲಸ ಆರಂಭಿಸಿದ ಸಂಶೋಧನಾ ಆಯೋಗ ಮುಂಬಯಿಯಲ್ಲಿ ಅದನ್ನು ಖಚಿತಪಡಿಸುವವರೆಗೂ ಆಡಳಿತ ಗಾಳಿ, ಬೆಳಕು, ಕೊಳಕುಗಳ ಲೆಕ್ಕದಲ್ಲೇ ನಡೆಯಿತು.

ಜನ ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಹಳ್ಳಿಯಲ್ಲಿ ನೆಂಟರಿದ್ದವರು ಹಳ್ಳಿಗೆ ಹೋದರು. ಅನುಕೂಲಸ್ಥರು ಊರ ಹೊರಗಿನ ತೋಟಗಳಲ್ಲಿ ಶೆಡ್ಡು ಹಾಕಿಸಿಕೊಂಡರು. ಪೇಟೆ ಬಿಡಲಾಗದವರು ಉಳಿದರು. ಬೇನೆಗೂ ಒಬ್ಬ ದೇವತೆ ಹುಟ್ಟಿಕೊಂಡಳು. ಪ್ಲೇಗಿನ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲೂ ಸುತ್ತಲಿನ ಜಿಲ್ಲೆಗಳಲ್ಲೂ ಇಂದಿಗೂ ಪೂಜೆಗೊಳ್ಳುತ್ತವೆ. 1891ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ 1,80,366 ಜನರಿದ್ದ ಬೆಂಗಳೂರಿನಲ್ಲಿ 1901ರಲ್ಲಿ ಸಿಕ್ಕವರು 1,59,046. ಸಾವು ಮತ್ತು ವಲಸೆ ಕೂಡಿ ಹತ್ತು ವರ್ಷಗಳ ಬೆಳವಣಿಗೆಯನ್ನು ಅಳಿಸಿ, ಊರನ್ನು ಮೊದಲಿದ್ದುದಕ್ಕಿಂತ ಚಿಕ್ಕದಾಗಿಸಿದ್ದವು.

ಬಯಲಿನಲ್ಲಿ ಹುಟ್ಟಿದ ಬಡಾವಣೆಗಳು

ಪೇಟೆಯ ಒತ್ತಡ ಇಳಿಸಲು ಹೊಸ ಬಡಾವಣೆ ಮಾಡುವ ಯೋಚನೆ ಪ್ಲೇಗಿಗಿಂತ ಹಳೆಯದು. ಕೋಟೆಯ ಪಕ್ಕದ ಚಾಮರಾಜಪೇಟೆ 1892ರಲ್ಲೇ ರೂಪುಗೊಂಡಿತ್ತು. ಆದರೆ ಮಲ್ಲೇಶ್ವರ ಮತ್ತು ಬಸವನಗುಡಿಗಳಿಗೆ ಜನರನ್ನು ಹೊರಡಿಸಿದ್ದು ಪ್ಲೇಗಿನ ಭಯ. ಪೇಟೆಯ ಉತ್ತರಕ್ಕೆ ಕಾಡುಮಲ್ಲೇಶ್ವರ ದೇವಾಲಯದ ಸುತ್ತಲ ನೆಲ; ದಕ್ಷಿಣಕ್ಕೆ ದೊಡ್ಡ ಬಸವನ ಗುಡಿ, ಕಹಳೆ ಬಂಡೆಗಳ ನೆರೆಯ ಸುಂಕೇನಹಳ್ಳಿಯ ನೆಲ. ಎರಡೂ ಎತ್ತರದ ಜಾಗಗಳು, ನೀರು ನಿಲ್ಲದ ಇಳಿಜಾರಿನವು. ಕಡಲೆಕಾಯಿ ಪರಿಷೆಗೆ ಸುತ್ತಲಿನ ರೈತರು ಸೇರುತ್ತಿದ್ದ ಹಳ್ಳಿಗಾಡು ಕೆಲವೇ ವರ್ಷಗಳಲ್ಲಿ ಅಧಿಕಾರಿ, ವಕೀಲ, ಉಪಾಧ್ಯಾಯರ ಬೀದಿಯಾಯಿತು.

ಬಡಾವಣೆಯ ನಕ್ಷೆಯೇ ಒಂದು ವೈದ್ಯಕೀಯ ಟಿಪ್ಪಣಿಯಂತಿತ್ತು. ರಸ್ತೆಗಳು ನೇರ, ಅಗಲ. ಮುಖ್ಯರಸ್ತೆಯನ್ನು ಅಡ್ಡರಸ್ತೆ ಲಂಬವಾಗಿ ಕತ್ತರಿಸುತ್ತಿತ್ತು. ನಿವೇಶನದ ಒಂದು ಭಾಗದಲ್ಲಷ್ಟೇ ಮನೆ, ಉಳಿದದ್ದು ತೆರಪು. ಮುಂದೆ ಹೂಗಿಡ, ಹಿತ್ತಲಲ್ಲಿ ಬಾವಿ, ತೆಂಗು, ಕರಿಬೇವು, ನುಗ್ಗೆ. ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ್ದರೆ ಇಲ್ಲಿ ಮನೆಯ ನಾಲ್ಕೂ ಕಡೆ ಗಾಳಿ ಆಡುತ್ತಿತ್ತು. ನಡುನಡುವೆ ಉದ್ಯಾನಕ್ಕೂ ಆಟದ ಬಯಲಿಗೂ ಜಾಗ ಬಿಟ್ಟರು. ಮನೆಗಳ ಎರಡು ಸಾಲುಗಳ ಬೆನ್ನಿಗೆ ಒಂದು ಕಿರಿದಾದ ಓಣಿ. ಅದೇ ಕನ್ಸರ್ವೆನ್ಸಿ ಲೇನ್. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಹಿತ್ತಲ ಕಕ್ಕಸಿಗೆ ಓಣಿಯ ಕಡೆಗೊಂದು ಸಣ್ಣ ಬಾಗಿಲು. ಬೆಳಗಿನ ಜಾವ ಮಲ ಹೊರುವವರು ಮುಂಬಾಗಿಲಿಗೆ ಕಾಣಿಸದಂತೆ ಆ ದಾರಿಯಲ್ಲಿ ಬಂದು ಹೋಗುತ್ತಿದ್ದರು. ಮುಂದಿನ ರಸ್ತೆಯ ಮರಗಳ ನೆರಳಿನಷ್ಟೇ ಈ ಹಿಂದಿನ ಓಣಿಯೂ ಬಡಾವಣೆಯ ಆರೋಗ್ಯ ವ್ಯವಸ್ಥೆಯ ಅಂಗ. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಅಡ್ಡರಸ್ತೆಗಳಲ್ಲಿ ಈ ಓಣಿಗಳು ಇನ್ನೂ ಉಳಿದಿವೆ. ಎಷ್ಟೋ ಕಡೆ ಒತ್ತುವರಿಯಾಗಿವೆ, ಕೆಲವು ಕಡೆ ಕಾಲುದಾರಿಗಳಾಗಿವೆ.

ನಿವೇಶನ ಹಂಚುವಾಗ ಪೇಟೆಯ ಸಾಮಾಜಿಕ ನಕ್ಷೆ ಹಾಗೇ ಹೊಸ ನೆಲಕ್ಕೆ ಬಂತು. ಮಲ್ಲೇಶ್ವರದ ಎಂಟು ಬ್ಲಾಕುಗಳನ್ನು ಸಮುದಾಯಗಳ ಲೆಕ್ಕದಲ್ಲಿ ವಿಂಗಡಿಸಿದ್ದರು. ನಿವೇಶನ ಕೊಳ್ಳಲು, ಗಡುವಿನೊಳಗೆ ಮನೆ ಕಟ್ಟಲು, ದಿನವೂ ಪೇಟೆಗೋ ಕಚೇರಿಗೋ ಹೋಗಿಬರಲು ಶಕ್ತಿಯಿದ್ದವರಿಗೆ ಹೊಸ ಬಡಾವಣೆ ತೆರೆದುಕೊಂಡಿತು. ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿ ಹಿಡಿದಿದ್ದ ಮೇಲ್ಜಾತಿಯ ಕುಟುಂಬಗಳು ಅದರ ಮೊದಲ ಫಲಾನುಭವಿಗಳು. ಕಬ್ಬನ್‌ಪೇಟೆಯ ನೇಕಾರ, ತರಗುಪೇಟೆಯ ಹಮಾಲಿ, ಬಿನ್ನಿ ಮಿಲ್ಲಿನ ಕೂಲಿಕಾರ ಕೆಲಸವಿದ್ದಲ್ಲೇ ಇರಬೇಕಾಗಿತ್ತು. ಧಾನ್ಯದ ಉಗ್ರಾಣಗಳ ನಡುವೆ ದಿನವಿಡೀ ಚೀಲ ಹೊರುವವನಿಗೆ ಪ್ಲೇಗಿನ ಅಪಾಯ ಎಲ್ಲರಿಗಿಂತ ಹೆಚ್ಚು. ಬಯಲಿನ ಬಡಾವಣೆ ಅವನಿಗೇ ಎಲ್ಲರಿಗಿಂತ ದೂರ.

ಕೆಡವುವವರು, ಉಳಿಸುವವರು

ದಂಡಿನ ಕಡೆ ಇದೇ ಪ್ರಯೋಗ ಸ್ವಲ್ಪ ತಡವಾಗಿ, ಚಿಗಟದ ಸತ್ಯ ತಿಳಿದ ಮೇಲೆ ನಡೆಯಿತು. ಬ್ಲ್ಯಾಕ್‌ಪಳ್ಳಿಯ ದಟ್ಟಣೆ ತಗ್ಗಿಸಲು 1906ರ ನಂತರ ಫ್ರೇಜರ್ ಟೌನ್ ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಿದ್ದ ಸ್ಟುವರ್ಟ್ ಫ್ರೇಜರ್‌ನ ಹೆಸರು ಅದಕ್ಕಿದೆ. ಅದರ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಬೆಂಗಳೂರಿನ ‘ಪ್ಲೇಗ್ ನಿರೋಧಕ’ ನಗರ ಯೋಜನೆಯ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಇಲಿ ಬಿಲ ತೋಡಲಾಗದ ಗಟ್ಟಿ ನೆಲ, ಗೂಡು ಕಟ್ಟಲು ಸಂದಿ ಬಿಡದ ಗೋಡೆ, ಮನೆಯ ಸುತ್ತ ತೆರೆದ ಜಾಗ ಇವು ಅವನ ಯೋಜನೆಯ ಸಾರ. ಗಾಳಿ ಬೆಳಕಿನ ವಾದ ಇಲ್ಲಿ ಇಲಿಯ ವಾದವಾಗಿ ಬದಲಾಯಿತು. ತೆರೆದ ನೆಲ ಬೇಕೆಂಬ ತೀರ್ಮಾನ ಮಾತ್ರ ಹಾಗೇ ಉಳಿಯಿತು.

ಊರುಗಳನ್ನು ತಿದ್ದಲೆಂದೇ ಹೊಸ ಸಂಸ್ಥೆಗಳು ಹುಟ್ಟಿದವು. ಮುಂಬಯಿಯಲ್ಲಿ 1898ರಲ್ಲಿ, ಮೈಸೂರು ನಗರದಲ್ಲಿ 1903ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್‌ಗಳು ಬಂದವು. ಇಕ್ಕಟ್ಟಿನ ಕೇರಿಗಳ ನಡುವೆ ಅಗಲ ರಸ್ತೆ ಕೊರೆಯುವುದು ಅವುಗಳ ಮುಖ್ಯ ಅಸ್ತ್ರ. ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಗೆ ಸೇರಿಕೊಳ್ಳುತ್ತಿದ್ದರು, ಅಲ್ಲಿನ ದಟ್ಟಣೆ ಇನ್ನಷ್ಟು ಏರುತ್ತಿತ್ತು. ಈ ವಿಧಾನವನ್ನು ಕಟುವಾಗಿ ಟೀಕಿಸಿದವನು ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್. ಮದ್ರಾಸ್ ಪ್ರಾಂತ್ಯದ ಪಟ್ಟಣಗಳ ಕುರಿತು 1914–15ರಲ್ಲಿ ಅವನು ಬರೆದ ವರದಿಗಳಲ್ಲಿ ಬಳ್ಳಾರಿಯೂ ಸೇರಿದೆ. ಬೀದಿಗಳನ್ನು ನೆಲಸಮ ಮಾಡುವ ಬದಲು ಕೇರಿಯನ್ನು ಮನೆಮನೆಯಾಗಿ ನೋಡಿ, ತೀರಾ ಶಿಥಿಲವಾದ ಒಂದೆರಡನ್ನು ಮಾತ್ರ ತೆಗೆದು, ಆ ಖಾಲಿ ಜಾಗದಲ್ಲಿ ಮರ ನೆಟ್ಟು ಕಟ್ಟೆ ಕಟ್ಟಿದರೆ ಸಾಕೆಂಬುದು ಅವನ ವಾದ. ಮರದ ನೆರಳು, ಮಕ್ಕಳ ಆಟ, ಹೆಂಗಸರ ಕೂಟ ಅಲ್ಲೇ ದೊರೆತರೆ ಬಡವರು ಎದ್ದು ಹೋಗಬೇಕಾಗಿಲ್ಲ. ಗೆಡ್ಡೆಸನ ಸಲಹೆಗಳಲ್ಲಿ ಕಾರ್ಯರೂಪಕ್ಕೆ ಬಂದವು ಕಡಿಮೆ. ಬಯಲಿಗೆ ಜನರನ್ನು ಒಯ್ಯುವುದಕ್ಕೆ ಬದಲಾಗಿ ಜನರಿದ್ದಲ್ಲಿಗೆ ಬಯಲನ್ನು ತರುವ ಸಾಧ್ಯತೆಯನ್ನು ಆ ಕಾಲದಲ್ಲಿ ಸ್ಪಷ್ಟವಾಗಿ ಹೇಳಿದ ಕೆಲವರಲ್ಲಿ ಅವನೊಬ್ಬ.

ಊರು ಬಿಡುವ ಹಳೆಯ ಉಪಾಯ ಫಲಿಸಿದ್ದೇಕೆ ಎಂಬುದಕ್ಕೂ ಈಗ ಉತ್ತರ ಸಿಕ್ಕಿತ್ತು. ಬಯಲಿನ ಗಾಳಿಯಲ್ಲಿ ಔಷಧಿಯ ಗುಣವೇನೂ ಇರಲಿಲ್ಲ. ಮನೆ ಬಿಟ್ಟವರು ಇಲಿ, ಚಿಗಟಗಳನ್ನು ಹಿಂದೆ ಬಿಟ್ಟು ಹೋಗುತ್ತಿದ್ದರು; ತೆರೆದ ಹೊಲದ ಗುಡಿಸಲಿನಲ್ಲಿ ಮನೆಯ ಇಲಿಗೆ ನೆಲೆಯಿರಲಿಲ್ಲ. ಆದರೆ ಪ್ಲೇಗಿನ ಜೊತೆಗೆ ನಗರವನ್ನು ಕಾಡುತ್ತಿದ್ದ ಕ್ಷಯಕ್ಕೆ ಗಾಳಿ ಬೆಳಕಿನ ಕೊರತೆ ನಿಜಕ್ಕೂ ಪೋಷಕವಾಗಿತ್ತು. ಹೀಗೆ ತಪ್ಪು ಸಿದ್ಧಾಂತದಿಂದ ಹೊರಟ ಬಡಾವಣೆಗಳು ತಮ್ಮ ನಿವಾಸಿಗಳಿಗೆ ಸರಿಯಾದ ರಕ್ಷಣೆಯನ್ನೇ ಕೊಟ್ಟವು.

ಮರಗಳು ಬಂದವು, ಕೆರೆಗಳು ಹೋದವು

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ 1932ರವರೆಗೂ ಅಲ್ಲಿದ್ದು ಬೆಂಗಳೂರಿನ ರಸ್ತೆಗಳಿಗೆ ಇಂದಿನ ಮುಖವನ್ನು ಕೊಟ್ಟನು. ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಅರಳುವಂತೆ, ವರ್ಷವಿಡೀ ಎಲ್ಲೋ ಒಂದು ಬೀದಿ ಹೂವಿನಲ್ಲಿರುವಂತೆ ಮರಗಳನ್ನು ಆರಿಸುವ ಕ್ರಮ ಅವನದೆಂದು ಹೇಳುತ್ತಾರೆ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಈ ಕೆಲಸಕ್ಕೆ ಬೆಂಬಲವಾಗಿ ನಿಂತರು. ಉದ್ಯಾನ ನಗರಿ ಎಂಬ ಹೆಸರಿಗೆ ಈ ಕಾಲದಲ್ಲಿ ತಳಹದಿ ಬಿತ್ತು.

ಅದೇ ದಶಕಗಳಲ್ಲಿ ಪೇಟೆಯ ಪಾಲಿನ ಹಸಿರು ಕರಗಿತು. ಧರ್ಮಾಂಬುಧಿ ಕೆರೆ ಒಣಗಿ, ಮುಂದೆ ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆಯಲ್ಲಿ ನೀರು ನಿಲ್ಲಬೇಕೆಂದು ತಿಗಳರು, ಒಣಗಿರಬೇಕೆಂದು ದಂಡಿನವರು ಜಗ್ಗಾಡಿದರು. ಕೊನೆಗೆ ಕೆರೆ ಪೋಲೊ ಆಟದ ಮೈದಾನವಾಗಿ, ಆಮೇಲೆ ಕಂಠೀರವ ಕ್ರೀಡಾಂಗಣವಾಯಿತು. ಅಲ್ಲಿ ಉಳಿದಿರುವ ಪುಟ್ಟ ಕಲ್ಯಾಣಿಯ ಬಳಿ ಕರಗ ಹಬ್ಬದ ವಿಧಿಗಳನ್ನು ತಿಗಳ ಸಮುದಾಯ ಇಂದಿಗೂ ನಡೆಸುತ್ತದೆ. ಉದ್ಯಾನಕ್ಕೆ ಬೇಲಿ, ಕಾವಲುಗಾರ, ಸಮಯದ ಫಲಕಗಳಿದ್ದವು. ಕೆರೆಯಂಗಳ ಮೇವಿಗೆ, ಸೊಪ್ಪಿಗೆ, ಕಸುಬಿಗೆ ಒದಗುತ್ತಿದ್ದ ಸಾಮುದಾಯಿಕ ನೆಲ. ಒಂದು ಬೆಳೆದು ಇನ್ನೊಂದು ಅಳಿದಾಗ ನಗರದ ಒಟ್ಟು ಹಸಿರು ಹಾಗೇ ಇದ್ದಂತೆ ಕಂಡರೂ ಅದನ್ನು ಬಳಸುವವರು ಬದಲಾಗಿದ್ದರು.

ಆಸ್ಪತ್ರೆಯೋ ಉದ್ಯಾನವೋ

ಬೆಂಗಳೂರಿನಲ್ಲಿ 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದವು. ಬಡಾವಣೆಯಲ್ಲಿ ಉದ್ಯಾನಕ್ಕೆ ಜಾಗ ಬಿಡುವುದು ನಿಯಮವಾಯಿತು. ಪ್ರಾಧಿಕಾರದ ಕಾಯ್ದೆ ಉದ್ಯಾನ ಮತ್ತು ಆಟದ ಬಯಲಿಗೆ ಒಟ್ಟು ಪ್ರದೇಶದ ಶೇ. 15ಕ್ಕೆ ಕಡಿಮೆಯಿಲ್ಲದಂತೆ ಮೀಸಲಿಡಬೇಕೆನ್ನುತ್ತದೆ. ನಿವೇಶನದ ಬೆಲೆ ಏರಿದಂತೆ ಈ ಮೀಸಲು ನೆಲದ ಮೇಲೆ ಎಲ್ಲರ ಕಣ್ಣು ಬಿತ್ತು. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ, 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆ ರಾಜ್ಯ ಕಾಯ್ದೆಗಳನ್ನು ತರಬೇಕಾಯಿತು. 1985ರಲ್ಲೇ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತ್ವದ ಸಮಿತಿ ಉಳಿದ ಕೆರೆಗಳನ್ನು ಕಾಯುವ ದಾರಿಗಳನ್ನು ಪರಿಶೀಲಿಸತೊಡಗಿತು.

ಉದ್ಯಾನಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು ನ್ಯಾಯಾಲಯ ನೇರವಾಗಿ ವಿಚಾರಿಸಿದ್ದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಣ ಮೊಕದ್ದಮೆಯಲ್ಲಿ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು 1976ರ ಸರ್ಕಾರಿ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಆ ತೀರ್ಪನ್ನೇ ಎತ್ತಿಹಿಡಿದರು. ಆಸ್ಪತ್ರೆಯೂ ಜನರ ಆರೋಗ್ಯಕ್ಕಾಗಿಯೇ ಎಂಬುದು ಟ್ರಸ್ಟಿನ ವಾದ. ನಗರೀಕರಣದ ಕೆಡುಕುಗಳಿಂದ ನಿವಾಸಿಗಳನ್ನು ಕಾಯುವ ಉದ್ಯಾನದ ಕೆಲಸವನ್ನು ಆಸ್ಪತ್ರೆ ಮಾಡಲಾರದು, ಸಾರ್ವಜನಿಕರಿಗೆಂದು ಮೀಸಲಿಟ್ಟ ತೆರೆದ ನೆಲವನ್ನು ಖಾಸಗಿಯವರಿಗೆ ಕೊಡಲು ಅಧಿಕಾರವಿಲ್ಲ ಎಂಬುದು ನ್ಯಾಯಾಲಯದ ನಿಲುವು. ದೇಶದ ಉದ್ದಗಲಕ್ಕೂ ಉದ್ಯಾನಗಳ ಕುರಿತ ವ್ಯಾಜ್ಯಗಳಲ್ಲಿ ಈ ತೀರ್ಪನ್ನು ಇಂದಿಗೂ ಆಧಾರವಾಗಿ ತೋರಿಸುತ್ತಾರೆ.

ಬಿಸಿಲಿನ ಕಾಲದ ಲೆಕ್ಕ

ಪ್ಲೇಗಿನ ಜಾಗಕ್ಕೆ ಈಗ ಬೇರೆ ಅಪಾಯಗಳು ಬಂದಿವೆ: ಬಿಸಿಲಿನ ಹೊಡೆತ, ಹೊಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ. ಇವುಗಳ ವಿರುದ್ಧ ಹಸಿರು ಮಾಡುವ ಕೆಲಸವನ್ನು ಇಂದು ಅಳೆದು ಹೇಳಬಹುದು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಉಷ್ಣತೆ 27.5 ಡಿಗ್ರಿವರೆಗೂ ಕಡಿಮೆಯಿದ್ದುದು ಕಂಡುಬಂತು. ಬೀದಿ ವ್ಯಾಪಾರಿ, ಪೌರಕಾರ್ಮಿಕ, ಕಟ್ಟಡದ ಕೂಲಿಯವರಿಗೆ ಈ ಅಂತರವೇ ದಿನದ ಕೆಲಸ ಮುಗಿಸುವುದಕ್ಕೂ ತಲೆಸುತ್ತಿ ಬೀಳುವುದಕ್ಕೂ ಇರುವ ಅಂತರ. ಕೊಳೆಗೇರಿಗಳಲ್ಲಿ ಮರಗಳು ವಿರಳ. ಇರುವ ನುಗ್ಗೆ, ತೆಂಗುಗಳು ಅಡುಗೆಗೂ ನೆರಳಿಗೂ ಒಟ್ಟಿಗೇ ಒದಗುತ್ತವೆ. ನಗರವಾಸಿಯ ಮನೆಯಿಂದ 300 ಮೀಟರಿನೊಳಗೆ ಅರ್ಧದಿಂದ ಒಂದು ಹೆಕ್ಟೇರಿನ ಸಾರ್ವಜನಿಕ ಹಸಿರು ನೆಲವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಮುಂದಿಟ್ಟ ಅಳತೆ. ಹಳೆಯ ಪೇಟೆಯ ಬಹುಪಾಲು ಬೀದಿಗಳು ಈ ಅಳತೆಗೆ ಸಿಗುವುದಿಲ್ಲ.

2020ರಲ್ಲಿ ಕೋವಿಡ್ ಬಂದಾಗ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ಮತ್ತೆ ಕೈಗೆತ್ತಿಕೊಳ್ಳಲಾಯಿತು. ಏಪ್ರಿಲಿನಲ್ಲಿ ಪಾದರಾಯನಪುರ, ಬಾಪೂಜಿನಗರ ವಾರ್ಡುಗಳನ್ನು ಸೀಲ್‌ಡೌನ್ ಮಾಡಿದಾಗ ಚಿಕ್ಕ ಮನೆಗಳ ದಟ್ಟ ಬೀದಿಗಳಲ್ಲಿದ್ದವರಿಗೆ ಮನೆಯೊಳಗಿರಿ ಎಂಬ ಆದೇಶವಾಯಿತು. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಿಗೂ ಬೀಗ ಬಿತ್ತು. ಹಿತ್ತಲು, ತಾರಸಿ, ಮನೆಯೆದುರಿನ ಮರಗಳಿದ್ದ ಬಡಾವಣೆಗಳಲ್ಲಿ ಬಂಧನ ಅಷ್ಟು ಬಿಗಿಯಾಗಿರಲಿಲ್ಲ. ಗಾಳಿಯಲ್ಲಿ ಹರಡುವ ಈ ರೋಗಕ್ಕೆ ತೆರೆದ ಜಾಗ ಮುಚ್ಚಿದ ಕೋಣೆಗಿಂತ ಸುರಕ್ಷಿತವೆಂಬುದು ಸ್ಪಷ್ಟವಾದ ಮೇಲೆ ಉದ್ಯಾನಗಳನ್ನು ಹಂತಹಂತವಾಗಿ ತೆರೆದರು.

ಬೆಂಗಳೂರಿನ ಈ ಚರಿತ್ರೆ ಈಗ ಬೆಳೆಯುತ್ತಿರುವ ಸಣ್ಣ ಪಟ್ಟಣಗಳಿಗೂ ಸಂಬಂಧಿಸಿದ್ದು. ಜಮಖಂಡಿಯಲ್ಲಿ ಅರಸು ಮನೆತನ ಊರಿನಿಂದ ದೂರ, ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಕಟ್ಟಿಕೊಂಡು ಗಾಳಿಯ ನೆಲೆಯನ್ನು ತನಗೆ ಆರಿಸಿಕೊಂಡಿತ್ತು. ರಬಕವಿ–ಬನಹಟ್ಟಿಯಲ್ಲಿ ಕೈಮಗ್ಗದ ಪಕ್ಕಕ್ಕೆ ವಿದ್ಯುತ್ ಮಗ್ಗ ಬಂದಿದೆ. ಸದ್ದು, ಹತ್ತಿಯ ಧೂಳು, ಬೇಸಿಗೆಯ ಧಗೆಗಳ ನಡುವೆ ನೇಕಾರನ ಕೆಲಸ ಈಗಲೂ ಸೂರಿನ ಅಡಿಯಲ್ಲೇ. ಹುನ್ನೂರದಂಥ ಊರುಗಳು ಪಟ್ಟಣದ ಕಡೆಗೆ ಚಾಚಿಕೊಳ್ಳುತ್ತಿವೆ, ಹೊಲಗಳು ಪ್ಲಾಟುಗಳಾಗುತ್ತಿವೆ. ಪ್ಲೇಗಿನ ಕಾಲದಲ್ಲಿ ಊರ ಬಾಗಿಲು ದಾಟಿದರೆ ಸಿಗುತ್ತಿದ್ದ ಬಯಲು ಇನ್ನು ಮುಂದೆ ನಕ್ಷೆಯಲ್ಲಿ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಲೇಔಟಿನ ನಕ್ಷೆಗೆ ಒಪ್ಪಿಗೆ ಕೊಡುವ ಪುರಸಭೆ, ನಗರಸಭೆ, ಯೋಜನಾ ಪ್ರಾಧಿಕಾರಗಳ ಮುಂದೆ ಎರಡು ಲೆಕ್ಕಗಳಿರುತ್ತವೆ. ಉದ್ಯಾನಕ್ಕೆ ಎಷ್ಟು ಗುಂಟೆ ಬಿಟ್ಟರು ಎಂಬುದು ಮೊದಲನೆಯದು, ಅದನ್ನು ಕಾನೂನು ಕೇಳುತ್ತದೆ. ಮಗ್ಗದ ಕೇರಿಯಿಂದ, ಕೂಲಿಕಾರರ ಓಣಿಯಿಂದ ಆ ಗುಂಟೆಗಳು ಎಷ್ಟು ದೂರ ಎಂಬುದು ಎರಡನೆಯದು. 1898ರಿಂದ ಈಚೆಗೆ ಪ್ರತಿ ಸಾಂಕ್ರಾಮಿಕದಲ್ಲೂ ಯಾರು ಹೆಚ್ಚು ಬಳಲಿದರೆಂಬುದು ಬಹುಮಟ್ಟಿಗೆ ಈ ಎರಡನೆಯ ಲೆಕ್ಕದ ಮೇಲೆ ನಿಂತಿದೆ.